ಸಾಕು ಪಾರಿವಾಳದ ತಳಿಗಳು ಮತ್ತು ವಿಕಾಸವಾದ

ಮನುಷ್ಯ ಸಾವಿರಾರು ವರ್ಷಗಳಿಂದ ಸಾಕುತ್ತ ಬಂದಿರುವ ಪಾರಿವಾಳಗಳ ಮೂಲ, ಬಂಡೆ ಪಾರಿವಾಳ ಎಂಬ ಕಾಡುಹಕ್ಕಿ. ಇದರ ಶಾಸ್ತ್ರೀಯ ಹೆಸರು ಕೊಲಂಬಾ ಲಿವಿಯಾ. ಮೈ ನೀಲಿ ಬೂದು, ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟೆ, ಬಾಲದಲ್ಲಿ ಹನ್ನೆರಡು ಗರಿ. ಸಾಕಿದವರ ಕೈಯಲ್ಲಿ ಇದೇ ಹಕ್ಕಿ ನೂರಾರು ತಳಿಗಳಾಗಿ ಒಡೆಯಿತು. ಭಾರತದಲ್ಲಿ ಲಕ್ಕಾ ಎಂದು ಕರೆಯುವ ಫ್ಯಾನ್‌ಟೇಲ್ ತಳಿಗೆ ಬಾಲದಲ್ಲಿ ಮೂವತ್ತು, ಕೆಲವೊಮ್ಮೆ ನಲವತ್ತು ಗರಿ. ಪೌಟರ್ ತನ್ನ ಗಂಟಲಚೀಲವನ್ನು ಕೊಕ್ಕೇ ಮರೆಯಾಗುವಷ್ಟು ಉಬ್ಬಿಸಿಕೊಳ್ಳುತ್ತದೆ. ಲೋಟನ್ ತಳಿಯ ಹಕ್ಕಿಯನ್ನು ಸ್ವಲ್ಪ ಅಲುಗಾಡಿಸಿ ನೆಲಕ್ಕೆ ಬಿಟ್ಟರೆ ಎತ್ತಿಕೊಂಡು ಸಮಾಧಾನಪಡಿಸುವವರೆಗೂ ಪಲ್ಟಿ ಹೊಡೆಯುತ್ತಲೇ ಇರುತ್ತದೆ. ಕಿರುಮುಖದ ಟಂಬ್ಲರ್‌ನ ಕೊಕ್ಕು ಎಷ್ಟು ಮೋಟಾಯಿತೆಂದರೆ ಉತ್ತಮ ಜಾತಿಯ ಮರಿಗಳಲ್ಲಿ ಬಹುಪಾಲು ಮೊಟ್ಟೆಯೊಡೆಯಲಾಗದೆ ಒಳಗೇ ಸಾಯುತ್ತಿದ್ದವು. ಸಾಕುವವರೇ ಚಿಪ್ಪು ಬಿಡಿಸಿ ಮರಿಯನ್ನು ಹೊರತೆಗೆಯಬೇಕಾಗುತ್ತಿತ್ತು. ಕಾಡಿನಲ್ಲಿ ಒಂದು ತಲೆಮಾರೂ ಉಳಿಯಲಾರದ ಇಂಥ ರೂಪಗಳು ಗೂಡಿನಲ್ಲಿ ಉಳಿದವು, ಏಕೆಂದರೆ ಅಲ್ಲಿ ಆರಿಸುವವನು ಬೇರೆ.

ಈ ಹವ್ಯಾಸ ಬಹಳ ಹಳೆಯದು. ಅಕ್ಬರನ ಆಸ್ಥಾನದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪಾರಿವಾಳಗಳಿದ್ದವೆಂದೂ ಬಾದಶಹನು ಬೇರೆ ಬೇರೆ ತಳಿಗಳನ್ನು ಕೂಡಿಸಿ ಅವನ್ನು ಉತ್ತಮಪಡಿಸಿದನೆಂದೂ ‘ಐನೆ ಅಕ್ಬರಿ’ಯಲ್ಲಿದೆ. ಆದರೆ ವಿಜ್ಞಾನದ ಚರಿತ್ರೆಯಲ್ಲಿ ಪಾರಿವಾಳಕ್ಕೆ ಜಾಗ ಸಿಕ್ಕಿದ್ದು ಚಾರ್ಲ್ಸ್ ಡಾರ್ವಿನ್‌ನಿಂದ. 1855ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದ ಡೌನ್ ಗ್ರಾಮದ ತನ್ನ ಮನೆಯಲ್ಲಿ ಅವನು ಪಾರಿವಾಳ ಸಾಕತೊಡಗಿದ. ಸಿಕ್ಕಿದ ತಳಿಯನ್ನೆಲ್ಲ ತರಿಸಿದ. ಲಂಡನ್ನಿನ ಎರಡು ಪಾರಿವಾಳ ಕ್ಲಬ್ಬುಗಳಿಗೆ ಸದಸ್ಯನಾದ. ಸತ್ತ ಹಕ್ಕಿಗಳ ಮೂಳೆಗಳನ್ನು ಅಳೆದು ಲೆಕ್ಕವಿಟ್ಟ. ಪಾರಿವಾಳವನ್ನೇ ಆರಿಸಿದ್ದಕ್ಕೆ ವ್ಯಾವಹಾರಿಕ ಕಾರಣವೂ ಇತ್ತು. ಜೋಡಿ ಕಟ್ಟಿದ ಗಂಡು ಹೆಣ್ಣು ಬಾಳಿನುದ್ದಕ್ಕೂ ಜೊತೆಯಾಗಿರುವುದರಿಂದ ಹಲವು ತಳಿಗಳನ್ನು ಒಂದೇ ಗೂಡಿನಲ್ಲಿಟ್ಟರೂ ಬೆರಕೆಯಾಗುವ ಭಯ ಕಡಿಮೆ.

ಹೊರದೇಶದ ಹಕ್ಕಿಗಳ ಚರ್ಮಗಳು ಅವನಿಗೆ ಅಂಚೆಯಲ್ಲಿ ಬರುತ್ತಿದ್ದವು. ಭಾರತದಿಂದ ಕಳಿಸಿದವರಲ್ಲಿ ಮುಖ್ಯನಾದವನು ಮದರಾಸಿನ ಅಧಿಕಾರಿ ವಾಲ್ಟರ್ ಎಲಿಯಟ್. 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಹತನಾದಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕಿದ ಎಲಿಯಟ್ ಇವನೇ. ಕನ್ನಡ ನಾಡಿನ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರತಿ ಮಾಡಿಸಿದವನೂ ಇವನೇ. ಶಾಸನ ಮತ್ತು ಪಾರಿವಾಳದ ಚರ್ಮ ಎರಡನ್ನೂ ಒಂದೇ ಶ್ರದ್ಧೆಯಿಂದ ಕೂಡಿಹಾಕಿದ ಇಂಥವರು ಆ ಕಾಲದ ಆಡಳಿತದಲ್ಲಿ ಅಪರೂಪವಲ್ಲ.

ತಳಿಗಾರರಲ್ಲಿ ಹೆಚ್ಚಿನವರು ತಮ್ಮ ತಮ್ಮ ತಳಿಗೆ ಬೇರೆ ಬೇರೆ ಕಾಡುಮೂಲವಿದೆ ಎಂದೇ ನಂಬಿದ್ದರು. ಡಾರ್ವಿನ್ ಇದನ್ನು ಒಪ್ಪಲಿಲ್ಲ. ಹಾಗಿದ್ದರೆ ಕನಿಷ್ಠ ಏಳೆಂಟು ಕಾಡುಜಾತಿಗಳಿದ್ದಿರಬೇಕು. ಅವೆಲ್ಲವೂ ಮರದ ಮೇಲೆ ಕೂರದ ಬಂಡೆಹಕ್ಕಿಗಳೇ ಆಗಿದ್ದಿರಬೇಕು. ಒಂದೂ ಬಿಡದೆ ಅಳಿದಿರಬೇಕು, ಇಲ್ಲವೇ ಯಾರ ಕಣ್ಣಿಗೂ ಬೀಳದೆ ಉಳಿದಿರಬೇಕು. ಅವನ ಕೈಯಲ್ಲಿದ್ದ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಒಂದು ಸಂಕರ ಪ್ರಯೋಗ. ಅಚ್ಚ ಬಿಳಿಯ ಫ್ಯಾನ್‌ಟೇಲನ್ನೂ ಅಚ್ಚ ಕಪ್ಪಿನ ಬಾರ್ಬ್ ತಳಿಯನ್ನೂ ಕೂಡಿಸಿದಾಗ ಕಂದು ಕಪ್ಪು ಮಚ್ಚೆಯ ಮರಿಗಳು ಬಂದವು. ಆ ಮರಿಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿದಾಗ ಮೊಮ್ಮರಿಗಳಲ್ಲೊಂದು ನೀಲಿ ಮೈ, ರೆಕ್ಕೆಗೆ ಎರಡು ಕಪ್ಪು ಪಟ್ಟೆ ಹೊತ್ತು ಹುಟ್ಟಿತು. ಅಜ್ಜ ಅಜ್ಜಿಯರಲ್ಲಿ ಯಾರಿಗೂ ಇಲ್ಲದ ಬಣ್ಣ! ಅದು ಬಂಡೆ ಪಾರಿವಾಳದ್ದು.

ಇದಕ್ಕೆ ಕಾರಣ ಡಾರ್ವಿನ್‌ಗೆ ಹೊಳೆಯಲಿಲ್ಲ. ಕಪ್ಪು ಹಕ್ಕಿಯಲ್ಲಿ ಪಟ್ಟೆಯ ಜೀನ್ ಅಳಿದಿರುವುದಿಲ್ಲ. ಬಣ್ಣವನ್ನು ಗರಿಯ ತುಂಬ ಹರಡಿಸುವ ಇನ್ನೊಂದು ಪ್ರಬಲ ಜೀನ್ ಅದನ್ನು ಮುಚ್ಚಿರುತ್ತದೆ. ಮುಚ್ಚುವ ಜೀನ್ ಮೊಮ್ಮರಿಗೆ ಬರದಿದ್ದರೆ ಪಟ್ಟೆ ಮತ್ತೆ ಮೇಲೆ ಬರುತ್ತದೆ. 1866ರಲ್ಲಿ ಬಟಾಣಿಯ ಮೇಲೆ ಮೆಂಡೆಲ್ ಪ್ರಕಟಿಸಿದ ಲೆಕ್ಕ ಇಂಥದೇ. ಎರಡು ವರ್ಷಗಳ ನಂತರ ಬಂದ ಡಾರ್ವಿನ್‌ನ ದೊಡ್ಡ ಗ್ರಂಥ ಪಾರಿವಾಳಕ್ಕೇ ಎರಡು ಅಧ್ಯಾಯ ಮೀಸಲಿಟ್ಟರೂ, ಅನುವಂಶೀಯತೆಯ ವಿಷಯದಲ್ಲಿ ದೇಹದ ಅಂಗಾಂಗಗಳಿಂದ ಕಣಗಳು ಹರಿದುಬರುತ್ತವೆ ಎಂಬ ತಪ್ಪು ದಾರಿ ಹಿಡಿಯಿತು.

ಇದಕ್ಕೂ ಮೊದಲು ಬಂದ ಡಾರ್ವಿನ್‌ನ 1859ರ ‘ಜೀವಿಜಾತಿಗಳ ಉಗಮ’ದ ಮೊದಲ ಅಧ್ಯಾಯವೇ ಸಾಕುಪ್ರಾಣಿಗಳ ಕುರಿತದ್ದು. ಅದರಲ್ಲಿ ಪಾರಿವಾಳಕ್ಕೆ ಅಗ್ರಸ್ಥಾನ. ಹಸ್ತಪ್ರತಿ ಓದಿದ ವಿಟ್ವೆಲ್ ಎಲ್ವಿನ್ ಎಂಬ ವಿಮರ್ಶಕ, ಉಳಿದದ್ದನ್ನು ಬಿಟ್ಟು ಪಾರಿವಾಳದ ಮೇಲಷ್ಟೇ ಒಂದು ಪುಸ್ತಕ ಬರೆಯಲಿ ಎಂದು ಸಲಹೆ ಕೊಟ್ಟಿದ್ದ. ಸಲಹೆ ನಗೆ ತರಿಸಿದರೂ, ಓದುಗರಿಗೆ ಯಾವುದು ಆಪ್ತವೆಂಬುದನ್ನು ಅವನು ಸರಿಯಾಗಿಯೇ ಗ್ರಹಿಸಿದ್ದ. ತಳಿಗಾರ ಸಣ್ಣ ವ್ಯತ್ಯಾಸ ಕಂಡು ಹಕ್ಕಿ ಆರಿಸುತ್ತಾನೆ, ತಲೆಮಾರುಗಳಲ್ಲಿ ಅದು ಕೂಡಿ ದೊಡ್ಡದಾಗುತ್ತದೆ. ನಿಸರ್ಗದಲ್ಲಿ ಬದುಕಿನ ಹೋರಾಟ ಅದೇ ಕೆಲಸ ಮಾಡುತ್ತದೆ ಎಂಬುದು ವಾದ. ಹೋಲಿಕೆಗೆ ಮಿತಿಯೂ ಇದೆ. ತಳಿಗಳೆಷ್ಟೇ ಭಿನ್ನವಾದರೂ ಪರಸ್ಪರ ಕೂಡಿ ಮರಿ ಮಾಡುತ್ತವೆ, ಹೊಸ ಪ್ರಭೇದ ಹುಟ್ಟಿಲ್ಲ ಎಂದು ಡಾರ್ವಿನ್‌ನ ಬೆಂಬಲಿಗ ಹಕ್ಸ್‌ಲೀಯೇ ಎತ್ತಿ ತೋರಿಸಿದ. ನಿಸರ್ಗದ ಆಯ್ಕೆಯನ್ನು ಸ್ವತಂತ್ರವಾಗಿ ಕಂಡುಕೊಂಡ ವಾಲೇಸ್, 1858ರ ತನ್ನ ಪ್ರಬಂಧದಲ್ಲಿ ಸಾಕುಪ್ರಾಣಿಗಳಿಂದ ಕಾಡುಜೀವಿಗಳ ಬಗ್ಗೆ ತೀರ್ಮಾನಿಸಲಾಗದು ಎಂದೇ ಬರೆದಿದ್ದ.

ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಮೈಕಲ್ ಶಪಿರೊ ತಂಡ 2013ರಲ್ಲಿ ಪಾರಿವಾಳದ ಪೂರ್ಣ ಜೀನೋಮ್ ಪ್ರಕಟಿಸಿತು. ಹಲವು ತಳಿಗಳ ತಲೆಯ ಜುಟ್ಟಿಗೆ ಒಂದೇ ಜೀನಿನ ಒಂದು ಬದಲಾವಣೆ ಕಾರಣ ಎಂಬುದು ಅದರಿಂದ ತಿಳಿಯಿತು. ಕಾಲಿನ ಮೇಲೆ ಗರಿ ಮೂಡುವುದಕ್ಕೆ, ಕೊಕ್ಕು ಗಿಡ್ಡವಾಗುವುದಕ್ಕೆ ಕಾರಣವಾದ ಜೀನುಗಳೂ ನಂತರ ಸಿಕ್ಕವು. 2018ರಲ್ಲಿ ಅದೇ ತಂಡ ರೆಕ್ಕೆಯ ಚುಕ್ಕೆ ವಿನ್ಯಾಸದ ಮೂಲ ಹುಡುಕಿತು. ಪಟ್ಟೆಯ ಬದಲು ಚೌಕಚೌಕವಾಗಿ ಕಾಣುವ ಈ ಗುರುತು ಆಫ್ರಿಕದ ಚುಕ್ಕೆ ಪಾರಿವಾಳ ಎಂಬ ಬೇರೆಯೇ ಪ್ರಭೇದದೊಂದಿಗೆ ಆದ ಸಂಕರದಿಂದ ಬಂದದ್ದು. ಒಂದೇ ಪೂರ್ವಜ ಎಂಬ ಡಾರ್ವಿನ್‌ನ ತೀರ್ಮಾನಕ್ಕೆ ಇದು ಚಿಕ್ಕ ತಿದ್ದುಪಡಿ.