ಒಂದು ಹಾರ್ನಿನ ಚರಿತ್ರೆ: ಯಾದವಗಿರಿಯಿಂದ ವೂರ್‌ಬರ್ಗ್‌ವರೆಗೆ

ವೂರ್‌ಬರ್ಗ್ ರೈಲು ನಿಲ್ದಾಣದ ಮಗ್ಗುಲಲ್ಲಿ, ನೀರಿನ ನಡುವೆ ನಿಂತಿರುವ ಹೋಫ್‌ವೈಕ್ ಎಂಬ ಮನೆಯನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ ತಮ್ಮ ಬಾಳಿನ ಕೊನೆಯ ವರ್ಷಗಳಲ್ಲಿ ವಾಸಿಸಿದ್ದುದು ಇಲ್ಲಿಯೇ. ಬೆಳಕನ್ನು ಕುರಿತು 1690ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರು ಬೆಳಕನ್ನು ಸದ್ದಿಗೆ ಹೋಲಿಸಿ, ಎರಡೂ ಅಲೆಗಳಂತೆ ಸುತ್ತಲೂ ಹರಡುತ್ತವೆ ಎಂದು ವಿವರಿಸಿದರು. ಆ ಮನೆಯ ಮುಂದೆ ನಿಂತಾಗ ನಮಗೆ ನೆನಪಾಗುವುದು ಮೈಸೂರಿನ ಒಂದು ಮೋಟಾರ್‌ಸೈಕಲ್ಲಿನ ಹಾರ್ನ್.

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ, ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. ಚೆಕೊಸ್ಲೊವಾಕಿಯದ ಪರವಾನಗಿಯಿಂದ ತಯಾರಾದ ಜಾವಾ, 1973ರಿಂದ ಯೆಜ್ಡಿಯಾಯಿತು; 1996ರಲ್ಲಿ ಕಾರ್ಖಾನೆ ಮುಚ್ಚಿತು.

ಹಳೆಯ ಜಾವಾಗಳ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. ಹಾರ್ನಿನೊಳಗಿನ ವಿದ್ಯುತ್ಕಾಂತವು ತೆಳ್ಳನೆಯ ಲೋಹದ ತಗಡನ್ನು ಎಳೆಯುತ್ತದೆ. ಎಳೆದೊಡನೆ ಸಂಪರ್ಕ ಕಡಿದು ತಗಡು ಹಿಂದಕ್ಕೆ ಚಿಮ್ಮುತ್ತದೆ. ಸಂಪರ್ಕ ಮತ್ತೆ ಕೂಡುತ್ತದೆ. ಸೆಕೆಂಡಿಗೆ ನೂರಾರು ಸಲ ನಡೆಯುವ ಈ ಕ್ರಿಯೆಯೇ ಸದ್ದು. ಬ್ಯಾಟರಿ ಸೊರಗಿದರೆ ಸದ್ದೂ ಸೊರಗುತ್ತದೆ. ಜಟಕಾ, ಸೈಕಲ್ಲುಗಳ ಬೀದಿಗೆ ಸಾಕಾಗಿದ್ದ ಆ ದನಿ, ಬಸ್ಸು ಲಾರಿಗಳ ಹೆದ್ದಾರಿಯಲ್ಲಿ ಸಾಲದಾಯಿತು. ಲಾರಿಯ ಚಾಲಕನಿಗೆ ತಾನಿರುವುದು ತಿಳಿಯದಿದ್ದರೆ ಸವಾರನ ಜೀವಕ್ಕೇ ಸಂಚಕಾರ. ಆದುದರಿಂದ ಜೋರು ಹಾರ್ನ್ ಬಯಸಿದವನನ್ನು ಹಳಿಯಲಾಗದು.

ಆದರೆ ಹಾರ್ನ್ ಬದಲಿಸುವುದೆಂದರೆ ಕೇವಲ ಒಂದನ್ನು ಬಿಚ್ಚಿ ಇನ್ನೊಂದನ್ನು ಬಿಗಿಯುವುದಲ್ಲ. 36 ವ್ಯಾಟಿನ ಹಾರ್ನಿಗೆ 12 ವೋಲ್ಟಿನಲ್ಲಿ 3 ಆಂಪಿಯರ್ ಸಾಕು. 6 ವೋಲ್ಟಿನಲ್ಲಿ 6 ಬೇಕು. ಆ ಹೊರೆಯನ್ನು ಹಳೆಯ ಸ್ವಿಚ್ಚು ತಾಳಲಾರದು. ಬ್ಯಾಟರಿಯಿಂದ ಫ್ಯೂಸಿನ ಮೂಲಕ ದಪ್ಪ ತಂತಿ ಎಳೆದು, ನಡುವೆ ರಿಲೇ ಕೂಡಿಸಬೇಕು.

ಎಲ್ಲರೂ ದನಿ ಏರಿಸಿದ ಬೀದಿಯಲ್ಲಿ ಯಾರ ದನಿಯೂ ಕೇಳಿಸದು. ಭಾರತದ 1989ರ ಮೋಟಾರು ವಾಹನ ನಿಯಮಗಳು ಹಲವು ಸ್ವರದ, ಕರ್ಕಶವಾದ ಹಾರ್ನುಗಳನ್ನು ನಿಷೇಧಿಸಿವೆ. ನೆದರ್‌ಲ್ಯಾಂಡ್ಸಿನ 1990ರ ಸಂಚಾರ ನಿಯಮಗಳು, ಎದುರಾದ ಅಪಾಯವನ್ನು ತಪ್ಪಿಸಲು ಮಾತ್ರ ಹಾರ್ನ್ ಬಾರಿಸಬಹುದೆನ್ನುತ್ತವೆ. ಒಂದು ನಿಯಮ ಸದ್ದಿನ ಗುಣವನ್ನು ಹೇಳಿತು. ಇನ್ನೊಂದು ಅದರ ಸಂದರ್ಭವನ್ನು. ಇವೆರಡರ ನಡುವೆ ಓಡಾಡುವ ನಮಗೆ ಎರಡೂ ಪಾಠಗಳು ಬೇಕು. ಮುಂದಿನ ಲಾರಿಗೆಂದು ಹೊರಟ ಸದ್ದು ಅಲೆಯಾಗಿ ಹರಡಿ, ತೊಟ್ಟಿಲ ಕೂಸನ್ನೂ ಆಸ್ಪತ್ರೆಯ ರೋಗಿಯನ್ನೂ ಮುಟ್ಟುತ್ತದೆ.

ಊರಿನ ಮನೆಯಲ್ಲಿ ಹಿರಿಯರ ಜಾವಾ ಅಥವಾ ಯೆಜ್ಡಿ ಇನ್ನೂ ಇದ್ದರೆ, ಈ ಬಾರಿ ರಜೆಗೆ ಹೋದಾಗ ಮೊದಲು ಹಾರ್ನಿನ ಸಂಪರ್ಕಗಳ ತುಕ್ಕು ಉಜ್ಜಿ, ಅರ್ತ್ ತಂತಿ ಬಿಗಿದು, ಹೊಂದಿಸುವ ತಿರುಪನ್ನು ಮೆಲ್ಲನೆ ತಿರುಗಿಸಿ ನೋಡೋಣ. ಎಷ್ಟೋ ಸಲ ಬೇಕಾದುದು ಹೊಸ ಹಾರ್ನಲ್ಲ; ಹಳೆಯದರ ಕಟ್ಟಿದ ಗಂಟಲು ಬಿಡಿಸಿದರೆ ಸಾಕು.