ಅಗುಳಿಯ ಹಿಂದೆ ನಿಂತವನು: ಗಾಯೆತಾನೊ ಶಿರೆಯಾ

ಸಾಹಿತ್ಯ ಬಳಗದ ಪತ್ರದಲ್ಲಿ ಫುಟ್‌ಬಾಲ್ ಯಾಕೆ ಬಂತು ಎಂದು ಹುಬ್ಬೇರಿಸುವ ಸದಸ್ಯರು ನಮ್ಮಲ್ಲಿ ಇದ್ದೇ ಇದ್ದಾರೆ. ಅವರಿಗೆ ಮೊದಲೇ ಒಂದು ಸಮಾಧಾನ ಹೇಳಿಬಿಡುತ್ತೇವೆ. ಇಟಲಿಯಲ್ಲಿ ಈ ಆಟವನ್ನು ಬರಹಗಾರರಿಂದ ಬಿಡಿಸಿ ನೋಡುವುದೇ ಕಷ್ಟ. ಕವಿ ಉಂಬೆರ್ತೊ ಸಾಬಾ ಫುಟ್‌ಬಾಲಿನ ಮೇಲೆ ಐದು ಕವಿತೆ ಬರೆದ. ಪಸೋಲಿನಿಗಂತೂ ಚೆಂಡು ಕಂಡರೆ ಸಿನಿಮಾ, ಕಾವ್ಯ ಎರಡೂ ಮರೆತುಹೋಗುತ್ತಿದ್ದವು. ಈ ಸಲ ನಾವು ಬರೆಯಹೊರಟಿರುವ ಆಟಗಾರ ಮೈದಾನದಲ್ಲಿ ನಿಲ್ಲುತ್ತಿದ್ದ ಜಾಗಕ್ಕೆ ಹೆಸರಿಟ್ಟವನೂ ಕಾದಂಬರಿಗಳನ್ನು ಬರೆದ ಒಬ್ಬ ಪತ್ರಕರ್ತನೇ, ಜಾನ್ನಿ ಬ್ರೇರಾ. ಆತ ಕೊಟ್ಟ ಪದ 'ಲೀಬೆರೊ'. ಸ್ವತಂತ್ರ, ಯಾರ ಹಂಗೂ ಇಲ್ಲದವನು ಎಂದು ಅರ್ಥ.

ಆ ಪದ ಹುಟ್ಟಿದ್ದು ಹೀಗೆ. ಹಳೆಯ ಇಟಾಲಿಯನ್ ಪದ್ಧತಿಯಲ್ಲಿ ಒಬ್ಬೊಬ್ಬ ರಕ್ಷಣಾ ಆಟಗಾರನಿಗೂ ಎದುರಾಳಿ ತಂಡದ ಒಬ್ಬೊಬ್ಬನನ್ನು ಗಂಟು ಹಾಕಿರುತ್ತಿದ್ದರು. ಅವನು ಹೋದಲ್ಲಿಗೆ ಇವನು ನೆರಳಿನಂತೆ ಹೋಗಬೇಕು. ಇವರೆಲ್ಲರ ಬೆನ್ನ ಹಿಂದೆ, ಗೋಲ್‌ಕೀಪರನ ಮುಂದೆ, ಯಾರನ್ನೂ ಹಿಂಬಾಲಿಸುವ ಕೆಲಸವಿಲ್ಲದ ಒಬ್ಬ ಉಳಿಯುತ್ತಾನೆ. ಮುಂದಿನವರು ಎಡವಿದರೆ, ಚೆಂಡು ನುಸುಳಿ ಬಂದರೆ, ಅದನ್ನು ಗುಡಿಸಿ ಹಾಕುವುದು ಅವನ ಪಾಲು. ಈ ಇಡೀ ವ್ಯವಸ್ಥೆಗೆ 'ಕತೆನಾಚ್ಚೊ' ಎಂದು ಹೆಸರು. ಬಾಗಿಲಿಗೆ ಹಾಕುವ ಅಗುಳಿ. 1963ರಲ್ಲಿ ನೆರೇಒ ರೊಕ್ಕೊನ ಮಿಲಾನ್, ಮುಂದಿನ ಎರಡು ವರ್ಷ ಹೆಲೆನಿಯೊ ಹೆರೇರಾನ ಇಂಟರ್ ಯುರೋಪಿಯನ್ ಕಪ್ ಗೆದ್ದದ್ದು ಇಂಥ ಅಗುಳಿಯ ಬಲದಿಂದ. ಇಂಟರ್‌ನ ಲೀಬೆರೊ ಅರ್ಮಾಂದೊ ಪಿಕ್ಕಿ ಮೈದಾನದ ಮಧ್ಯಗೆರೆ ದಾಟಿದ್ದು ಅಪರೂಪ. ಹೆಸರಿಗೆ ಸ್ವತಂತ್ರ, ಆದರೆ ಮನೆ ಬಿಟ್ಟು ಹೊರಗೆ ಕಾಲಿಡುವಂತಿಲ್ಲ!

ಆ ಪದದ ಪೂರ್ತಿ ಅರ್ಥವನ್ನು ಇಟಲಿಯಲ್ಲಿ ಆಡಿ ತೋರಿಸಿದವನು ಗಾಯೆತಾನೊ ಶಿರೆಯಾ. (ಇಂಗ್ಲಿಷ್ ಅಕ್ಷರಗಳಲ್ಲಿ ಕಂಡವರು ಈ ಹೆಸರನ್ನು 'ಸ್ಕಿರಿಯಾ' ಎಂದೇ ಓದುತ್ತಾರೆ. ಪರದೇಶದಲ್ಲಿ ನಮ್ಮ ನಮ್ಮ ಹೆಸರುಗಳಿಗೆ ದಿನಾ ಆಗುವ ಗತಿ ನೆನೆದರೆ ಇದೇನೂ ದೊಡ್ಡದಲ್ಲ.) 1953ರ ಮೇ 25ರಂದು ಮಿಲಾನ್ ಸಮೀಪದ ಚೆರ್ನುಸ್ಕೊ ಊರಿನಲ್ಲಿ ಹುಟ್ಟಿದ. ತಾಯಿ ಉತ್ತರದ ಲೊಂಬಾರ್ದಿಯವಳು, ತಂದೆ ದೂರದ ಸಿಸಿಲಿ ದ್ವೀಪದವನು. ಯುದ್ಧ ಮುಗಿದ ಮೇಲಿನ ಆ ದಶಕಗಳಲ್ಲಿ ದಕ್ಷಿಣ ಇಟಲಿಯ ಲಕ್ಷಾಂತರ ಜನ ಹೊಲ ಬಿಟ್ಟು ರೈಲು ಹತ್ತಿ ಉತ್ತರದ ಕಾರ್ಖಾನೆಗಳ ಕಡೆಗೆ ಬಂದರು. ಒಂದೇ ದೇಶ, ಒಂದೇ ಬಾವುಟ. ಆದರೂ ಟ್ಯೂರಿನ್ ನಗರದಲ್ಲಿ ದಕ್ಷಿಣದವರಿಗೆ ಮನೆ ಬಾಡಿಗೆಗೆ ಇಲ್ಲ ಎಂಬ ಬೋರ್ಡುಗಳು ತೂಗುತ್ತಿದ್ದ ಕಾಲ ಅದು. ವಾರವಿಡೀ ಫಿಯಟ್ ಕಾರ್ಖಾನೆಯಲ್ಲಿ ದುಡಿದು, ಧಣಿಗಳ ಮೇಲೆ ಮುಷ್ಕರವನ್ನೂ ಹೂಡುತ್ತಿದ್ದ ಅದೇ ವಲಸಿಗರು ಭಾನುವಾರ ಮಾತ್ರ ಅದೇ ಧಣಿಗಳಾದ ಅನ್ಯೆಲ್ಲಿ ಮನೆತನದ ಯುವೆಂಟಸ್ ತಂಡಕ್ಕೆ ಜೈಕಾರ ಹಾಕುತ್ತಿದ್ದರು. ಊರು ತಮ್ಮದಾಗದಿದ್ದರೂ ತಂಡವಾದರೂ ತಮ್ಮದಾಗಲಿ ಎಂಬ ಆಸೆಯೇ? ಹೊರನಾಡಿನಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಶಿರೆಯಾ 1972ರಲ್ಲಿ ಬೆರ್ಗಾಮೊದ ಅತಲಾಂತಾ ತಂಡದಲ್ಲಿ ಆಟ ಶುರು ಮಾಡಿ, 1974ರಲ್ಲಿ ಯುವೆಂಟಸ್ ಸೇರಿದ. ಅಲ್ಲಿಂದ 1988ರವರೆಗೆ ಬೇರೆಲ್ಲೂ ಹೋಗಲಿಲ್ಲ. ಆಡಿದ ಪಂದ್ಯಗಳು 552. ಏಳು ಸಲ ಇಟಲಿಯ ಲೀಗ್ ಪ್ರಶಸ್ತಿ. 1977ರಲ್ಲಿ ಯುಯೆಫಾ ಕಪ್, 1984ರಲ್ಲಿ ಕಪ್ ವಿನ್ನರ್ಸ್ ಕಪ್, 1985ರಲ್ಲಿ ಯುರೋಪಿಯನ್ ಕಪ್. ರಾಷ್ಟ್ರೀಯ ತಂಡಕ್ಕೆ 78 ಪಂದ್ಯ, ಮೂರು ವಿಶ್ವಕಪ್. ಪಟ್ಟಿ ಇಷ್ಟಕ್ಕೆ ಸಾಕು. ನಮಗೆ ಮುಖ್ಯವಾಗಿ ಕಾಣುವ ಸಂಖ್ಯೆ ಸೊನ್ನೆ. ಅಷ್ಟು ವರ್ಷಗಳ ಆಟದಲ್ಲಿ ಒಂದೇ ಒಂದು ಸಲವೂ ಆತನಿಗೆ ಕೆಂಪು ಕಾರ್ಡ್ ಬೀಳಲಿಲ್ಲ, ರೆಫರಿ ಮೈದಾನದಿಂದ ಆಚೆಗೆ ಕಳಿಸಲಿಲ್ಲ.

ಪಕ್ಕದಲ್ಲೇ ಆಡುತ್ತಿದ್ದವನು ಯಾರೆಂದು ನೋಡಿದರೆ ಆ ಸೊನ್ನೆಯ ತೂಕ ತಿಳಿಯುತ್ತದೆ. ಕ್ಲಾವುದಿಯೊ ಜೆಂತೀಲೆ. ಲಿಬಿಯಾದ ತ್ರಿಪೋಲಿಯಲ್ಲಿ ಹುಟ್ಟಿದ ಇಟಾಲಿಯನ್. 1982ರ ವಿಶ್ವಕಪ್ಪಿನಲ್ಲಿ ಮರಡೋನಾನನ್ನು ತೊಂಬತ್ತು ನಿಮಿಷ ಒದ್ದು, ಎಳೆದು, ತಳ್ಳಿ ಉಸಿರಾಡಲು ಬಿಡದವನು, ಮುಂದಿನ ಪಂದ್ಯದಲ್ಲಿ ಜೀಕೋನ ಅಂಗಿ ಹರಿದವನು. ಒಂದೇ ಗೋಡೆಯ ಎರಡು ಇಟ್ಟಿಗೆಗಳು ಇವರು. ಜೆಂತೀಲೆ ಅಷ್ಟು ಧೈರ್ಯವಾಗಿ ಮೈಮೇಲೆ ಬೀಳಲು ಸಾಧ್ಯವಾದದ್ದು ಹಿಂದೆ ಶಿರೆಯಾ ಇದ್ದಾನೆ ಎಂಬ ನಂಬಿಕೆಯಿಂದ. ಶಿರೆಯಾನ ಕೈ ಕೊಳೆಯಾಗದೆ ಉಳಿದದ್ದೂ ಮುಂದೆ ಜೆಂತೀಲೆ ಇದ್ದದ್ದರಿಂದ ಎನ್ನುವುದನ್ನು ಆತನ ಅಭಿಮಾನಿಗಳು ಅಷ್ಟಾಗಿ ಹೇಳುವುದಿಲ್ಲ. ನಾವು ಹೇಳುತ್ತೇವೆ.

1982ರ ಜುಲೈ 11, ಮ್ಯಾಡ್ರಿಡ್. ಫೈನಲಿನಲ್ಲಿ ಇಟಲಿಗೆ ಎದುರಾಗಿ ಪಶ್ಚಿಮ ಜರ್ಮನಿ. ಎರಡನೆಯ ಗೋಲು ಹೊಡೆದ ಮಾರ್ಕೊ ತಾರ್ದೆಲ್ಲಿ ಕೈ ಬಿಗಿಹಿಡಿದು, ತಲೆ ಅಲ್ಲಾಡಿಸುತ್ತ, ಅರಚುತ್ತ ಓಡಿದ ದೃಶ್ಯವನ್ನು ನಮ್ಮಲ್ಲಿ ಫುಟ್‌ಬಾಲ್ ಗಂಧವಿಲ್ಲದವರೂ ಎಲ್ಲಾದರೂ ನೋಡಿರುತ್ತಾರೆ. ಅದಕ್ಕಿಂತ ಕೆಲವು ಕ್ಷಣ ಹಿಂದಕ್ಕೆ ಹೋಗಿ ನೋಡಬೇಕು. ಜರ್ಮನಿಯ ಪೆನಾಲ್ಟಿ ಆವರಣದೊಳಗೆ ಇಟಲಿಯ ಇಬ್ಬರು ನಿಧಾನವಾಗಿ, ಮನೆಯಂಗಳದಲ್ಲಿ ಆಡುವವರಂತೆ ಒಬ್ಬರಿಗೊಬ್ಬರು ಚೆಂಡು ದಾಟಿಸುತ್ತಿದ್ದಾರೆ. ಒಬ್ಬ ಹದಿನೆಂಟರ ಹುಡುಗ ಬೆರ್ಗೊಮಿ, ಇನ್ನೊಬ್ಬ ಶಿರೆಯಾ. ಇಬ್ಬರೂ ರಕ್ಷಣೆಯವರು! ಅಗುಳಿ ಹಾಕಿ ಬಾಗಿಲ ಹಿಂದೆ ನಿಲ್ಲಬೇಕಾದವನು ಎದುರಾಳಿಯ ನಡುಮನೆಗೇ ಬಂದು ನಿಂತಿದ್ದಾನೆ. ಅಲ್ಲಿಂದ ಶಿರೆಯಾ ಕೊಟ್ಟ ಚೆಂಡನ್ನೇ ತಾರ್ದೆಲ್ಲಿ ಒದ್ದದ್ದು. ಕ್ಯಾಮೆರಾ ತಾರ್ದೆಲ್ಲಿಯ ಹಿಂದೆ ಓಡಿತು. ಶಿರೆಯಾ ಎಲೆಮರೆಯ ಕಾಯಿಯಾಗಿಯೇ ಉಳಿದ.

ಅದು ಆತನ ಸ್ವಭಾವವೂ ಹೌದು. ಸ್ಪೇನಿನಲ್ಲಿ ಗೋಲ್‌ಕೀಪರ್ ದೀನೊ ಜೊಫ್ ಮತ್ತು ಶಿರೆಯಾ ಒಂದೇ ಕೋಣೆಯಲ್ಲಿದ್ದರು. ನಿದ್ದೆ ಬಾರದೆ ರಾತ್ರಿ ಅಡ್ಡಾಡುತ್ತಿದ್ದ ತಾರ್ದೆಲ್ಲಿ ಅವರ ಕೋಣೆಗೆ 'ಸ್ವಿಟ್ಜರ್ಲೆಂಡ್' ಎಂದು ಹೆಸರಿಟ್ಟಿದ್ದ. ಅಷ್ಟು ನಿಶ್ಶಬ್ದ, ಅಷ್ಟು ನೆಮ್ಮದಿ.

ಇಂಥ ಮಿತಭಾಷಿಯ ಕೈಗೆ ಒಂದು ಸಂಜೆ ಮೈಕ್ ಬಂತು. 1985ರ ಮೇ 29, ಬ್ರಸೆಲ್ಸ್‌ನ ಹೈಸೆಲ್ ಕ್ರೀಡಾಂಗಣ, ಯುರೋಪಿಯನ್ ಕಪ್ ಫೈನಲ್, ಯುವೆಂಟಸ್ ಮತ್ತು ಲಿವರ್‌ಪೂಲ್ ನಡುವೆ. ಕ್ರೀಡಾಂಗಣ ಅರ್ಧ ಶತಮಾನಕ್ಕಿಂತ ಹಳೆಯದು, ಗೋಡೆಗಳು ಉದುರುವ ಸ್ಥಿತಿಯಲ್ಲಿದ್ದವು. 'ಝಡ್' ಎಂಬ ವಿಭಾಗವನ್ನು ಯಾವ ತಂಡಕ್ಕೂ ಸೇರದ ತಟಸ್ಥ ಪ್ರೇಕ್ಷಕರಿಗೆಂದು ಇಟ್ಟಿದ್ದರು, ಪಕ್ಕದಲ್ಲೇ ಲಿವರ್‌ಪೂಲ್ ಬೆಂಬಲಿಗರು. ಆದರೆ ಬೆಲ್ಜಿಯಂ ಎಂದರೆ ಇಟಲಿಯ ವಲಸಿಗರು ತುಂಬಿದ ದೇಶ. 1946ರ ಒಪ್ಪಂದದ ನಂತರ ಕಲ್ಲಿದ್ದಲ ಗಣಿಗಳಿಗೆ ಇಟಲಿಯಿಂದ ಆಳುಗಳನ್ನು ತರಿಸಿಕೊಂಡಿದ್ದರು. 1956ರಲ್ಲಿ ಮಾರ್ಸಿನೆಲ್ ಗಣಿ ದುರಂತದಲ್ಲಿ ಸತ್ತ 262 ಮಂದಿಯಲ್ಲಿ 136 ಜನ ಇಟಾಲಿಯನ್ನರು. ಬ್ರಸೆಲ್ಸ್‌ನಲ್ಲಿ ಮಾರಾಟಕ್ಕಿಟ್ಟ 'ತಟಸ್ಥ' ಟಿಕೆಟ್ಟುಗಳನ್ನು ಕೊಳ್ಳುವವರು ಯಾರು? ಅಲ್ಲೇ ನೆಲೆಸಿದ ಇಟಾಲಿಯನ್ನರೇ, ಅವರ ಮೂಲಕ ಊರಿನ ನೆಂಟರಿಷ್ಟರೇ, ಪ್ರವಾಸದ ಏಜೆನ್ಸಿಗಳ ಮೂಲಕ ಬಂದ ಕುಟುಂಬಗಳೇ. ಇಷ್ಟನ್ನು ಊಹಿಸಲು ವ್ಯವಸ್ಥಾಪಕರಿಗೆ ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ.

ಪಂದ್ಯಕ್ಕೆ ಇನ್ನೂ ಸಮಯವಿರುವಾಗಲೇ ಲಿವರ್‌ಪೂಲ್ ಕಡೆಯವರು ದುರ್ಬಲ ತಂತಿಬೇಲಿ ಮುರಿದು ನುಗ್ಗಿದರು. ಜನ ಹಿಂದೆ ಸರಿದು ಸರಿದು ಗೋಡೆಗೆ ಒತ್ತಿಕೊಂಡರು, ಗೋಡೆ ಕುಸಿಯಿತು. ಸತ್ತವರು 39 ಜನ, ಅವರಲ್ಲಿ 32 ಇಟಾಲಿಯನ್ನರು. ಗಾಯಗೊಂಡವರು ನೂರಾರು. ಆದರೂ ಪಂದ್ಯ ಆಡಿಸಬೇಕೆಂದು ತೀರ್ಮಾನವಾಯಿತು. ಈಗ ನಿಲ್ಲಿಸಿದರೆ ಯುವೆಂಟಸ್ ಬೆಂಬಲಿಗರು ಸೇಡಿಗೆ ಹೊರಡುತ್ತಾರೆ, ಬೀದಿಯಲ್ಲಿ ಇನ್ನಷ್ಟು ಹೆಣ ಬೀಳುತ್ತದೆ ಎಂಬುದು ಅಧಿಕಾರಿಗಳ ವಾದ. ಎರಡೂ ತಂಡಗಳ ನಾಯಕರನ್ನು ಧ್ವನಿವರ್ಧಕದ ಮುಂದೆ ನಿಲ್ಲಿಸಿದರು, ಲಿವರ್‌ಪೂಲ್‌ನ ಫಿಲ್ ನೀಲ್ ಮತ್ತು ಯುವೆಂಟಸ್‌ನ ಶಿರೆಯಾ. ಶಿರೆಯಾ ಓದಿದ್ದು ಕೆಲವೇ ಸಾಲು. ಪೊಲೀಸರಿಗೆ ಜನರನ್ನು ಹೊರಗೆ ಕಳಿಸುವ ಏರ್ಪಾಡಿಗೆ ಅವಕಾಶವಾಗಲೆಂದು ಪಂದ್ಯ ನಡೆಯುತ್ತದೆ, ಶಾಂತವಾಗಿರಿ, ಕೆರಳಿಸಿದರೂ ಕೆರಳಬೇಡಿ, ನಾವು ನಿಮಗಾಗಿ ಆಡುತ್ತೇವೆ ಎಂಬ ಅರ್ಥದ ಮಾತು.

ಸುಮಾರು ಒಂದೂವರೆ ಗಂಟೆ ತಡವಾಗಿ ಆಟ ಶುರುವಾಯಿತು. ಪಶ್ಚಿಮ ಜರ್ಮನಿಯ ಝಡ್‌ಡಿಎಫ್ ವಾಹಿನಿ ಪ್ರಸಾರವನ್ನೇ ಕೈಬಿಟ್ಟಿತು. ಪೆನಾಲ್ಟಿ ಆವರಣದ ಹೊರಗೆ ಬಿದ್ದ ಬೊನಿಯೆಕ್‌ನಿಗೆ ರೆಫರಿ ಪೆನಾಲ್ಟಿ ಕೊಟ್ಟ, ಪ್ಲಾಟಿನಿ ಗೋಲು ಹೊಡೆದು ಕುಣಿದ. ಯುವೆಂಟಸ್ 1-0. ನಾಯಕನಾಗಿ ಶಿರೆಯಾನಿಗೆ ಸಿಕ್ಕ ಏಕೈಕ ಯುರೋಪಿಯನ್ ಕಪ್ ಇದೇ.

ಆ ರಾತ್ರಿ ಆಡಬಹುದಿತ್ತೇ? ಆಟಗಾರರ ನಂತರದ ಹೇಳಿಕೆಗಳು ಒಂದಕ್ಕೊಂದು ಕೂಡುವುದಿಲ್ಲ. ಸಾವಾಗಿದೆ ಎಂದು ಗೊತ್ತಿತ್ತು ಎಂದವರಿದ್ದಾರೆ, ಇಷ್ಟೊಂದು ಎಂದು ಗೊತ್ತಿರಲಿಲ್ಲ ಎಂದವರಿದ್ದಾರೆ. ಸಂಭ್ರಮಿಸಿದ್ದಕ್ಕೆ ತಾರ್ದೆಲ್ಲಿ ಎಷ್ಟೋ ವರ್ಷಗಳ ಮೇಲೆ ಕ್ಷಮೆ ಕೇಳಿದ. ನಮಗೆ ತೋರುವುದು ಹೀಗೆ: ಆಡಿಸಿದ್ದಕ್ಕೆ ಒಂದು ಲೆಕ್ಕಾಚಾರವಿತ್ತು, ಅದನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ಆ ಲೆಕ್ಕಾಚಾರವನ್ನು ಜನರ ಮುಂದೆ ಹೇಳಬೇಕಾದವರು ಪೊಲೀಸರು, ಸಂಘಟಕರು. ಅವರು ಹೇಳಿದರೆ ಯಾರೂ ಕೇಳುತ್ತಿರಲಿಲ್ಲ. ಶಿರೆಯಾ ಹೇಳಿದರೆ ಕೇಳುತ್ತಾರೆ ಎಂದು ಗೊತ್ತಿತ್ತು. ಹದಿಮೂರು ವರ್ಷ ಒಬ್ಬರ ಕಾಲಿಗೂ ಕೆಟ್ಟದಾಗಿ ಒದೆಯದೆ ಕೂಡಿಟ್ಟ ಹೆಸರನ್ನು ಆ ಸಂಜೆ ಬೇರೆಯವರು ಖರ್ಚು ಮಾಡಿದರು. 'ನಿಮಗಾಗಿ' ಎಂದಾಗ ಕೇಳುತ್ತಿದ್ದವರಲ್ಲಿ ಮಗನನ್ನು ಕಳೆದುಕೊಂಡವರೂ ಇದ್ದರಲ್ಲ! ಮೃತರ ಕುಟುಂಬಗಳು ಸಂಘ ಕಟ್ಟಿಕೊಂಡು ಬೆಲ್ಜಿಯಂನ ಕೋರ್ಟುಗಳಿಗೆ ವರ್ಷಗಟ್ಟಲೆ ಅಲೆದವು. ಅದಕ್ಕೆ ಮುಂದಾದವರು ಅರೆತ್ಸೊ ಊರಿನ ಒಬ್ಬ ತಂದೆ, ಅವರ ವೈದ್ಯ ಮಗ ಅಲ್ಲಿ ಸತ್ತಿದ್ದ. 1989ರಲ್ಲಿ ಲಿವರ್‌ಪೂಲ್‌ನ 14 ಬೆಂಬಲಿಗರಿಗೆ ಶಿಕ್ಷೆಯಾಯಿತು.

ಅದೇ 1989. ಆಟದಿಂದ ನಿವೃತ್ತನಾಗಿದ್ದ ಶಿರೆಯಾ ಯುವೆಂಟಸ್ ತರಬೇತುದಾರನಾಗಿದ್ದ ಜೊಫ್‌ಗೆ ಸಹಾಯಕನಾಗಿದ್ದ. ಯುಯೆಫಾ ಕಪ್ಪಿನ ಮೊದಲ ಸುತ್ತಿನಲ್ಲಿ ಎದುರಾಳಿ ಪೋಲೆಂಡಿನ ಗೂರ್ನಿಕ್ ಜಾಬ್ಜೆ. ಅವರ ಆಟ ನೋಡಿಕೊಂಡು ಬರಲು ಶಿರೆಯಾ ಹೋದ. ಪೋಲೆಂಡಿನಲ್ಲಿ ಆಗಷ್ಟೇ ಮಜೊವಿಯೆಟ್ಸ್‌ಕಿ ಪ್ರಧಾನಿಯಾಗಿ ಕಮ್ಯುನಿಸ್ಟ್ ಆಳ್ವಿಕೆ ಮುಗಿಯುತ್ತಿದ್ದ ದಿನಗಳು. ಅಂಗಡಿಗಳು ಬರಿದು, ಪೆಟ್ರೋಲ್ ಬಂಕುಗಳನ್ನು ನಂಬುವಂತಿಲ್ಲ. ಹಾಗಾಗಿ ಕಾರಿನಲ್ಲೇ ಪೆಟ್ರೋಲ್ ಕ್ಯಾನುಗಳನ್ನು ಇಟ್ಟುಕೊಂಡಿದ್ದರು. ಸೆಪ್ಟೆಂಬರ್ 3ರಂದು ವಾರ್ಸಾಗೆ ಮರಳುವಾಗ ಬಾಬ್ಸ್ಕ್ ಎಂಬ ಹಳ್ಳಿಯ ಬಳಿ ಕಾರಿಗೆ ಲಾರಿ ಡಿಕ್ಕಿಯಾಯಿತು, ಕ್ಯಾನುಗಳಿಗೆ ಬೆಂಕಿ ಹತ್ತಿಕೊಂಡಿತು. ಶಿರೆಯಾನಿಗೆ ಮೂವತ್ತಾರು ವರ್ಷ. ಆ ಭಾನುವಾರ ರಾತ್ರಿ ಇಟಲಿಯ ದೂರದರ್ಶನದ ಕ್ರೀಡಾ ಕಾರ್ಯಕ್ರಮದಲ್ಲಿ ಸಾಂದ್ರೊ ಚೊತ್ತಿ ಸುದ್ದಿ ಓದಿದಾಗ ಸ್ಟುಡಿಯೋದಲ್ಲಿ ಅತಿಥಿಯಾಗಿ ಕೂತಿದ್ದವನು ತಾರ್ದೆಲ್ಲಿ. ಎದ್ದು ಹೊರಟುಹೋದ.

ಬ್ರಸೆಲ್ಸ್ ರಾತ್ರಿಯ ಬಗ್ಗೆ ಮಿಕ್ಕವರಿಗೆಲ್ಲ ಹೇಳಿಕೊಳ್ಳಲು, ಸಮರ್ಥಿಸಿಕೊಳ್ಳಲು, ಪಶ್ಚಾತ್ತಾಪ ಪಡಲು ದಶಕಗಳು ಸಿಕ್ಕವು. ಮೈಕ್ ಹಿಡಿದವನಿಗೆ ಸಿಕ್ಕದ್ದು ನಾಲ್ಕೇ ವರ್ಷ.

ಗೂರ್ನಿಕ್ ತಂಡವನ್ನು ಯುವೆಂಟಸ್ ಅವರ ಊರಿನಲ್ಲಿ 1-0, ತನ್ನ ಊರಿನಲ್ಲಿ 4-2ರಿಂದ ಸೋಲಿಸಿತು. 1990ರ ಮೇ ತಿಂಗಳಲ್ಲಿ ಜೊಫ್ ತಂಡ ಆ ಕಪ್ಪನ್ನೂ ಗೆದ್ದಿತು. ಟ್ಯೂರಿನ್ನಿನಲ್ಲಿ 2011ರಲ್ಲಿ ತೆರೆದ ಯುವೆಂಟಸ್‌ನ ಹೊಸ ಕ್ರೀಡಾಂಗಣದ ದಕ್ಷಿಣ ತುದಿಯ ಗ್ಯಾಲರಿಗೆ ಗಾಯೆತಾನೊ ಶಿರೆಯಾ ಹೆಸರಿಟ್ಟಿದ್ದಾರೆ. ಕಟ್ಟಾ ಅಭಿಮಾನಿಗಳು ನಿಲ್ಲುವ ಜಾಗ ಅದು. ಡೋಲು, ಬಾವುಟ, ಎದುರಾಳಿಗಳ ಮೇಲಿನ ಬೈಗುಳ, ಇಡೀ ಕ್ರೀಡಾಂಗಣದಲ್ಲಿ ಎಲ್ಲಕ್ಕಿಂತ ಹೆಚ್ಚು ಗದ್ದಲ ಕೇಳಿಬರುವುದು ಅಲ್ಲಿಂದಲೇ.