ಆರು ವಸಾಹತುಗಳು ಒಂದು ದೇಶವಾದ ಕಥೆ

ಜನವರಿ 26 ಬಂದರೆ ಆಸ್ಟ್ರೇಲಿಯಾದ ಕನ್ನಡಿಗರಿಗೆ ಎರಡು ಹಬ್ಬ. ಭಾರತಕ್ಕೆ ಅದು ಗಣರಾಜ್ಯದ ದಿನ, ಇಲ್ಲಿಗೆ ಆಸ್ಟ್ರೇಲಿಯಾ ದಿನ. ಆದರೆ ಇಲ್ಲಿನ ಹಬ್ಬಕ್ಕೂ ಸ್ವಾತಂತ್ರ್ಯಕ್ಕೂ ಸಂಬಂಧವಿಲ್ಲ. 1788ರ ಆ ದಿನ ಕ್ಯಾಪ್ಟನ್ ಆರ್ಥರ್ ಫಿಲಿಪ್ ಸಿಡ್ನಿ ಕೋವ್‌ನಲ್ಲಿ ಬ್ರಿಟನ್ನಿನ ಬಾವುಟ ನೆಟ್ಟ, ಅಷ್ಟೇ. ಹಾಗಾದರೆ ಈ ದೇಶ ಸ್ವತಂತ್ರವಾದದ್ದು ಯಾವಾಗ? ನಮ್ಮ ಮಕ್ಕಳು ಕೇಳಿದರೆ ಆಗಸ್ಟ್ 15ರಂಥ ಒಂದು ತಾರೀಖನ್ನು ತೋರಿಸಲು ಆಗುವುದಿಲ್ಲ. ಸಂಘದ ಸಂಚಿಕೆಯಲ್ಲಿ ನಮ್ಮ ಕಥೆಯ ಜೊತೆಗೆ ನಾವು ಬಂದು ಸೇರಿದ ಮನೆಯ ಕಥೆಯೂ ಇರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಶುರುವಾದದ್ದು ಸೆರೆಮನೆಯಾಗಿ. ಅಮೆರಿಕ ಕೈತಪ್ಪಿದ ಮೇಲೆ ಕೈದಿಗಳನ್ನು ಸಾಗಹಾಕಲು ಬ್ರಿಟನ್ನಿಗೆ ಹೊಸ ಜಾಗ ಬೇಕಿತ್ತು. 11 ಹಡಗುಗಳು 1787ರ ಮೇ ತಿಂಗಳಲ್ಲಿ ಪೋರ್ಟ್ಸ್‌ಮತ್ ಬಿಟ್ಟು ಎಂಟು ತಿಂಗಳ ಮೇಲೆ ಇಲ್ಲಿ ಲಂಗರು ಹಾಕಿದವು. 50 ಸಾವಿರ ವರ್ಷಗಳಿಗೂ ಹಿಂದಿನಿಂದ ಈ ನೆಲದಲ್ಲಿ ಬಾಳಿದ್ದ ಜನರನ್ನು ಯಾರೂ ಒಂದು ಮಾತು ಕೇಳಲಿಲ್ಲ, ಒಪ್ಪಂದ ಮಾಡಿಕೊಳ್ಳಲಿಲ್ಲ. ಮುಂದೆ ಬಂದ ಎಲ್ಲ ಕಾನೂನುಗಳ ಬುಡದಲ್ಲೂ ಈ ಕೊರತೆ ಇದೆ.

ನ್ಯೂ ಸೌತ್ ವೇಲ್ಸ್‌ನ ನಂತರ ಉಳಿದವು ಒಂದೊಂದಾಗಿ ಬಂದವು. ಟಾಸ್ಮೇನಿಯಾ 1825ರಲ್ಲಿ ಬೇರೆಯಾಯಿತು. 1829ರಲ್ಲಿ ಪಶ್ಚಿಮ ತೀರದಲ್ಲಿ ಪರ್ತ್ ತಲೆಯೆತ್ತಿತು. 1836ರ ದಕ್ಷಿಣ ಆಸ್ಟ್ರೇಲಿಯಾ ಕೈದಿಗಳನ್ನೇ ಕರೆಸಿಕೊಳ್ಳಲಿಲ್ಲ, ಆ ಜಂಬ ಅಡಿಲೇಡ್‌ನವರಲ್ಲಿ ಇವತ್ತಿಗೂ ಸ್ವಲ್ಪ ಕಾಣುತ್ತದೆ. ವಿಕ್ಟೋರಿಯಾ 1851ರಲ್ಲಿ, ಕ್ವೀನ್ಸ್‌ಲ್ಯಾಂಡ್ 1859ರಲ್ಲಿ ತಾಯಿ ವಸಾಹತಿನಿಂದ ಪಾಲು ಪಡೆದು ಹೊರಬಂದವು.

ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕಿದ ಮೇಲೆ ಎಲ್ಲದರ ವೇಗ ಹೆಚ್ಚಿತು. ಜಗತ್ತಿನ ಮೂಲೆಮೂಲೆಗಳಿಂದ ಜನ ನುಗ್ಗಿದರು. ಚಿನ್ನ ಸಿಗಲಿ ಬಿಡಲಿ ಪರವಾನಗಿಗೆ ಶುಲ್ಕ ಕಟ್ಟಲೇಬೇಕೆಂಬ ನಿಯಮಕ್ಕೆ ಬಲ್ಲಾರಟ್‌ನ ಅಗೆಯುವವರು ರೊಚ್ಚಿಗೆದ್ದರು. 1854ರ ಡಿಸೆಂಬರ್ 3ರ ನಸುಕಿನಲ್ಲಿ ಯುರೀಕಾ ಎಂಬಲ್ಲಿ ಅವರು ಕಟ್ಟಿಕೊಂಡಿದ್ದ ಬೇಲಿಕೋಟೆಯ ಮೇಲೆ ಸೈನ್ಯ ಬಿತ್ತು. ಬಂಡಾಯ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಅದರ ಮುಂದಾಳು ಪೀಟರ್ ಲೇಲರ್ ಒಂದು ತೋಳು ಕಳೆದುಕೊಂಡ, ಮರುವರ್ಷವೇ ಶಾಸನಸಭೆಯ ಸದಸ್ಯನಾದ! 1855-56ರ ಹೊತ್ತಿಗೆ ಪೂರ್ವದ ವಸಾಹತುಗಳಿಗೆ ತಮ್ಮದೇ ಶಾಸನಸಭೆ, ಅದಕ್ಕೆ ಉತ್ತರ ಕೊಡಬೇಕಾದ ಮಂತ್ರಿಮಂಡಲ ಬಂದವು. ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾ 1856ರಲ್ಲಿ ಗುಪ್ತ ಮತದಾನ ಜಾರಿ ಮಾಡಿದವು. ಬ್ರಿಟನ್ ಅದನ್ನು ಒಪ್ಪಿಕೊಂಡದ್ದು 1872ರಲ್ಲಿ.

ಹೀಗೆ ಆರು ವಸಾಹತು, ಆರು ಸರ್ಕಾರ, ಆರು ಬಗೆಯ ಸುಂಕ. ಅವುಗಳ ನಡುವಿನ ವೈಮನಸ್ಯ ನೋಡಬೇಕೆಂದರೆ ಮರ್ರೆ ನದಿಯ ದಡದ ಆಲ್ಬರಿಗೆ ಹೋಗಬೇಕು. ನದಿಯ ಈಚೆ ಮುಕ್ತ ವ್ಯಾಪಾರದ ನ್ಯೂ ಸೌತ್ ವೇಲ್ಸ್, ಆಚೆ ಸುಂಕ ಹಾಕಿ ತನ್ನ ಕಾರ್ಖಾನೆ ಕಾಯ್ದುಕೊಳ್ಳುವ ವಿಕ್ಟೋರಿಯಾ. ಒಂದೇ ರಾಣಿಯ ಪ್ರಜೆಗಳು ಸೇತುವೆ ದಾಟುವಾಗ ಸುಂಕದವರ ಮುಂದೆ ಪೆಟ್ಟಿಗೆ ಬಿಚ್ಚಿ ತೋರಿಸಬೇಕಿತ್ತು. ರೈಲಿನ ಪಾಡು ಇನ್ನೂ ತಮಾಷೆ. ವಿಕ್ಟೋರಿಯಾದ ಹಳಿಯ ಅಗಲ 5 ಅಡಿ 3 ಅಂಗುಲ, ನ್ಯೂ ಸೌತ್ ವೇಲ್ಸ್‌ನದು 4 ಅಡಿ 8½ ಅಂಗುಲ, ಕ್ವೀನ್ಸ್‌ಲ್ಯಾಂಡ್‌ನದು 3 ಅಡಿ 6 ಅಂಗುಲ. ಮೆಲ್ಬರ್ನ್‌ನಿಂದ ಸಿಡ್ನಿಗೆ ಹೊರಟವರು ಆಲ್ಬರಿಯಲ್ಲಿ ಗಂಟುಮೂಟೆ ಸಮೇತ ಇಳಿದು ಬೇರೆ ಗಾಡಿ ಹತ್ತಬೇಕಿತ್ತು. ಮೀಟರ್ ಗೇಜಿನ ಕಾಲದಲ್ಲಿ ಮುಂಬೈಗೆಂದು ಹೊರಟು ಮೀರಜ್‌ನಲ್ಲಿ ಗಾಡಿ ಬದಲಿಸಿದ ನಮ್ಮ ಹಿರಿಯರಿಗೆ ಈ ಫಜೀತಿ ಗೊತ್ತು. 1895ರಲ್ಲಿ ಆಲ್ಬರಿಯಲ್ಲಿ ಇಳಿದು ಹತ್ತಿದ ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಈ ವ್ಯವಸ್ಥೆಯನ್ನು ಕಂಡು ಸಾಕಷ್ಟು ಗೇಲಿ ಮಾಡಿದ್ದಾನೆ. ದೇಶ ಒಂದಾದ ಮೇಲೂ ಹಳಿಗಳು ಒಂದಾಗಲಿಲ್ಲ: ಮೆಲ್ಬರ್ನ್-ಸಿಡ್ನಿಗಳ ನಡುವೆ ಗಾಡಿ ಬದಲಿಸದೆ ಹೋಗುವುದು ಸಾಧ್ಯವಾದದ್ದು 1962ರಲ್ಲಿ.

ಒಂದಾಗಬೇಕೆಂಬ ಮಾತಿಗೆ ಬಿಸಿ ಮುಟ್ಟಿಸಿದವರು ಹೆನ್ರಿ ಪಾರ್ಕ್ಸ್. ಇಂಗ್ಲೆಂಡಿನಲ್ಲಿ ಬಡತನ ಕಂಡು 1839ರಲ್ಲಿ ವಲಸೆ ಬಂದು, ಕೂಲಿಯಾಗಿ ದುಡಿದು, ಪತ್ರಿಕೆ ನಡೆಸಿ, ಒಂದಕ್ಕಿಂತ ಹೆಚ್ಚು ಸಲ ದಿವಾಳಿಯೆದ್ದು, ಐದು ಬಾರಿ ನ್ಯೂ ಸೌತ್ ವೇಲ್ಸ್‌ನ ಪ್ರಧಾನಿಯಾದ ಗಟ್ಟಿ ಮನುಷ್ಯ. 1889ರ ಅಕ್ಟೋಬರ್ 24ರಂದು ಬ್ರಿಸ್ಬೇನ್‌ನಿಂದ ಮರಳುವಾಗ ಟೆಂಟರ್‌ಫೀಲ್ಡ್ ಎಂಬ ಸಣ್ಣ ಊರಿನಲ್ಲಿ ಇಳಿದು, ಇಡೀ ಖಂಡಕ್ಕೆ ಒಂದೇ ಪಾರ್ಲಿಮೆಂಟ್ ಬೇಕೆಂದು ಭಾಷಣ ಮಾಡಿದರು. 1891ರಲ್ಲಿ ಸಿಡ್ನಿಯಲ್ಲಿ ಸಮಾವೇಶ ಸೇರಿತು. ಕ್ವೀನ್ಸ್‌ಲ್ಯಾಂಡ್‌ನ ಸ್ಯಾಮ್ಯುಯಲ್ ಗ್ರಿಫಿತ್ ಮತ್ತು ಕೆಲವರು ಈಸ್ಟರ್ ರಜೆಯಲ್ಲಿ ಲುಸಿಂಡಾ ಎಂಬ ಸರ್ಕಾರಿ ದೋಣಿ ಹತ್ತಿ ಹಾಕ್ಸ್‌ಬರಿ ನದಿಯಲ್ಲಿ ಕೂತು ಸಂವಿಧಾನದ ಕರಡು ತಿದ್ದಿದರು. ಅಷ್ಟರಲ್ಲಿ ಆರ್ಥಿಕ ಕುಸಿತ ಬಂತು, 1893ರಲ್ಲಿ ಬ್ಯಾಂಕುಗಳು ಬಾಗಿಲು ಹಾಕಿದವು, ಕರಡು ಮೂಲೆ ಸೇರಿತು.

ಅದನ್ನು ಮತ್ತೆ ಎತ್ತಿದ್ದು ರಾಜಧಾನಿಗಳಲ್ಲ, ಗಡಿಯ ಜನ. ಸುಂಕದ ಬಿಸಿ ನಿತ್ಯ ತಟ್ಟುತ್ತಿದ್ದದ್ದು ಅವರಿಗೇ ತಾನೆ. 1893ರಲ್ಲಿ ಮರ್ರೆ ದಡದ ಕೊರೋವಾದಲ್ಲಿ ಸೇರಿದ ಸಭೆಯಲ್ಲಿ ಜಾನ್ ಕ್ವಿಕ್ ಎಂಬ ವಕೀಲರು ಒಂದು ಠರಾವು ತಂದರು: ಸಂವಿಧಾನ ಬರೆಯುವವರನ್ನು ಜನರೇ ಆರಿಸಲಿ, ಬರೆದದ್ದನ್ನು ಜನರೇ ಒಪ್ಪಲಿ ಇಲ್ಲವೇ ತಿರಸ್ಕರಿಸಲಿ. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ತಿರುವು ಈ ಠರಾವು. 1897-98ರ ಸಮಾವೇಶ ಬಹುಮಟ್ಟಿಗೆ ಹಾಗೆಯೇ ನಡೆಯಿತು.

ಜನ ಸುಲಭಕ್ಕೆ ಹೂಂ ಎನ್ನಲಿಲ್ಲ. 1898ರ ಜನಮತಗಣನೆಯಲ್ಲಿ ನ್ಯೂ ಸೌತ್ ವೇಲ್ಸ್ ಕನಿಷ್ಠ 80,000 ಒಪ್ಪಿಗೆ ಮತ ಬೇಕೆಂದು ನಿಯಮ ಮಾಡಿತ್ತು. ಬಿದ್ದದ್ದು 71,595. ವಿರೋಧಕ್ಕಿಂತ ಹೆಚ್ಚು ಮತ ಬಂದರೂ ಸೋಲು. ಅಲ್ಲಿನ ಪ್ರಧಾನಿ ಜಾರ್ಜ್ ರೀಡ್ ಕರಡಿನ ದೋಷಗಳನ್ನೆಲ್ಲ ಸಾರಿ ಸಾರಿ ಹೇಳಿ, ಕೊನೆಗೆ ನಾನು ಮಾತ್ರ ಒಪ್ಪಿಗೆಯ ಮತ ಹಾಕುತ್ತೇನೆ ಎಂದದ್ದರಿಂದ ‘ಯೆಸ್-ನೋ ರೀಡ್’ ಎಂದೇ ಹೆಸರಾದರು. ಮರುವರ್ಷ ವಸಾಹತುಗಳ ಪ್ರಧಾನಿಗಳು ಸೇರಿ ಚೌಕಾಸಿ ಮಾಡಿದರು. ರಾಜಧಾನಿ ನ್ಯೂ ಸೌತ್ ವೇಲ್ಸ್‌ನಲ್ಲೇ ಇರಲಿ, ಆದರೆ ಸಿಡ್ನಿಯಿಂದ 100 ಮೈಲಿಗಿಂತ ದೂರ. ಅದು ಸಿದ್ಧವಾಗುವ ತನಕ ಪಾರ್ಲಿಮೆಂಟ್ ಮೆಲ್ಬರ್ನ್‌ನಲ್ಲಿ. ಕ್ಯಾನ್‌ಬೆರಾ ಹುಟ್ಟಿದ್ದು ಈ ಚೌಕಾಸಿಯಿಂದ. ಪಾರ್ಲಿಮೆಂಟ್ ಅಲ್ಲಿಗೆ ಹೋದದ್ದು 1927ರಲ್ಲಿ. ಪಶ್ಚಿಮ ಆಸ್ಟ್ರೇಲಿಯಾವಂತೂ ಚಿನ್ನದ ಗಣಿಯವರ ಒತ್ತಾಯಕ್ಕೆ ಮಣಿದು 1900ರ ಜುಲೈ ಕೊನೆಗೆ ಮತ ಹಾಕಿತು. ಅಷ್ಟರಲ್ಲಿ ಕಾಯಿದೆ ಲಂಡನ್ನಿನಲ್ಲಿ ಪಾಸಾಗಿತ್ತು. ಆದ್ದರಿಂದ ಸಂವಿಧಾನದ ಪೀಠಿಕೆಯಲ್ಲಿ ಅದರ ಹೆಸರೇ ಇಲ್ಲ. ಸೇರದೇ ಹೋದ ನ್ಯೂಜಿಲೆಂಡಿನ ಹೆಸರು ಮಾತ್ರ ರಾಜ್ಯಗಳ ವ್ಯಾಖ್ಯೆಯಲ್ಲಿ ಈಗಲೂ ಇದೆ.

1901ರ ಜನವರಿ 1ರಂದು ಸಿಡ್ನಿಯ ಸೆಂಟೆನಿಯಲ್ ಪಾರ್ಕಿನಲ್ಲಿ ಒಕ್ಕೂಟ ಘೋಷಣೆಯಾಯಿತು. ಎಡ್ಮಂಡ್ ಬಾರ್ಟನ್ ಮೊದಲ ಪ್ರಧಾನಮಂತ್ರಿ. ಪಾರ್ಕ್ಸ್ ಅದನ್ನು ನೋಡಲಿಲ್ಲ, 1896ರಲ್ಲೇ ತೀರಿಕೊಂಡಿದ್ದರು.

ಹೊಸ ಪಾರ್ಲಿಮೆಂಟಿನ ಮೊದಲ ಕೆಲಸಗಳಲ್ಲಿ ಒಂದನ್ನು ನಾವು ಮರೆಯಬಾರದು. 1901ರ ವಲಸೆ ನಿರ್ಬಂಧ ಕಾಯಿದೆಯಲ್ಲಿ ಬಣ್ಣದ ಮಾತೇ ಇಲ್ಲ. ಬೇಡವೆನಿಸಿದವನಿಗೆ ಅಧಿಕಾರಿ ಯಾವುದಾದರೂ ಯುರೋಪಿನ ಭಾಷೆಯಲ್ಲಿ 50 ಪದಗಳ ಉಕ್ತಲೇಖನ ಕೊಡಬಹುದಿತ್ತು. ಹಲವು ಭಾಷೆ ಬಲ್ಲ ಪ್ರಾಗ್‌ನ ಲೇಖಕ ಎಗಾನ್ ಕಿಶ್‌ನನ್ನು ತಡೆಯಲು 1934ರಲ್ಲಿ ಸ್ಕಾಟ್ಲೆಂಡಿನ ಗೇಲಿಕ್‌ನಲ್ಲಿ ಬರೆಸಿದರು! ಮಹಿಳೆಯರಿಗೆ ಮತ ಕೊಟ್ಟು ಜಗತ್ತಿಗೆ ಮಾದರಿಯಾದ 1902ರ ಕಾಯಿದೆಯೇ ಮೂಲನಿವಾಸಿಗಳನ್ನೂ ಏಷ್ಯಾದವರನ್ನೂ ಪಟ್ಟಿಯಿಂದ ಹೊರಗಿಟ್ಟಿತು. ಭಾರತದ ರಾಜಕಾರಣಿ ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳು 1922ರಲ್ಲಿ ಬಂದು ಇಲ್ಲಿನ ಭಾರತೀಯರ ಪರ ವಾದಿಸಿದ ಮೇಲೆ, 1925ರಲ್ಲಿ ಅವರಿಗೆ ಮತ ಸಿಕ್ಕಿತು. ಮೂಲನಿವಾಸಿಗಳು 1962ರ ತನಕ ಕಾಯಬೇಕಾಯಿತು. ಜನಸಂಖ್ಯೆಯ ಲೆಕ್ಕದಿಂದ ಅವರನ್ನು ಬಿಟ್ಟಿದ್ದ ಸಂವಿಧಾನದ 127ನೇ ವಿಧಿ 1967ರ ಜನಮತಗಣನೆಯಲ್ಲಿ ಬಿದ್ದುಹೋಯಿತು. ಶೇ 90ಕ್ಕೂ ಹೆಚ್ಚು ಜನ ಹೌದೆಂದರು. ಬಿಳಿಯರಿಗಷ್ಟೇ ಅವಕಾಶವಿದ್ದ ಈ ವಲಸೆ ನೀತಿ 1973ರ ಹೊತ್ತಿಗೆ ಪೂರ್ತಿ ಅಳಿದದ್ದರಿಂದಲೇ ನಮ್ಮಂಥವರಿಗೆ ಬಾಗಿಲು ತೆರೆಯಿತು.

ಇನ್ನು ಸ್ವಾತಂತ್ರ್ಯ? ಅದು ಕಂತುಕಂತಾಗಿ ಬಂತು. ಡೊಮಿನಿಯನ್‌ಗಳಿಗೆ ಶಾಸನ ಸ್ವಾತಂತ್ರ್ಯ ಕೊಟ್ಟ 1931ರ ವೆಸ್ಟ್‌ಮಿನ್‌ಸ್ಟರ್ ಶಾಸನವನ್ನು ಆಸ್ಟ್ರೇಲಿಯಾ ಅಂಗೀಕರಿಸಿದ್ದು 1942ರಲ್ಲಿ, ಯುದ್ಧದ ನಡುವೆ. ಆಸ್ಟ್ರೇಲಿಯಾದ ಪೌರತ್ವ ಎಂಬುದೇ 1949ರಲ್ಲಿ ಹುಟ್ಟಿತು. ಅಷ್ಟಾದರೂ ರಾಣಿಯ ಪ್ರತಿನಿಧಿ ಜಾನ್ ಕೆರ್ 1975ರಲ್ಲಿ ಚುನಾಯಿತ ಪ್ರಧಾನಮಂತ್ರಿ ಗಾಫ್ ವಿಟ್ಲಮ್‌ರನ್ನು ಕೆಳಗಿಳಿಸಿದರು. ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಮೇಲ್ಮನವಿ ಹೋಗುವ ಕೊನೆಯ ದಾರಿ ಮುಚ್ಚಿದ್ದು 1986ರಲ್ಲಿ, ಅಂದರೆ ನಮ್ಮಲ್ಲಿ ಎಷ್ಟೋ ಮಂದಿ ಹುಟ್ಟಿದ ಮೇಲೆ. 1999ರಲ್ಲಿ ಗಣರಾಜ್ಯವಾಗೋಣವೇ ಎಂದು ಕೇಳಿದರೆ ಜನ ಬೇಡವೆಂದರು.

ಭಾರತದ ಸಂವಿಧಾನಕ್ಕೂ ಇಲ್ಲಿಂದ ಎರವಲು ಹೋಗಿದೆ. ಸಮವರ್ತಿ ಪಟ್ಟಿ, ಸದನಗಳ ಜಂಟಿ ಅಧಿವೇಶನ, ರಾಜ್ಯರಾಜ್ಯಗಳ ನಡುವೆ ಮುಕ್ತ ವ್ಯಾಪಾರ ಇವುಗಳ ಹಿಂದೆ ಆಸ್ಟ್ರೇಲಿಯಾದ ಮಾದರಿ ಇದೆ. ಹೀಗೆ ಪರದೇಶಗಳ ಸಂವಿಧಾನಗಳನ್ನೆಲ್ಲ ಜಾಲಾಡಿ ಸಂವಿಧಾನ ಸಭೆಯ ಮುಂದಿಟ್ಟ ಸಲಹೆಗಾರ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್.

ಆದರೆ ಒಂದು ವಿಷಯದಲ್ಲಿ ಎರಡೂ ಬೇರೆ. ಭಾರತದಲ್ಲಿ ತಿದ್ದುಪಡಿ ಸಂಸತ್ತಿನ ಕೆಲಸ, ಇಲ್ಲಿ ಮತದಾರನದು. ಒಟ್ಟು ಮತದಲ್ಲೂ ಆರರಲ್ಲಿ ನಾಲ್ಕು ರಾಜ್ಯಗಳಲ್ಲೂ ಬಹುಮತ ಬಂದರೆ ಮಾತ್ರ ಒಂದು ಸಾಲು ಬದಲಾಗುತ್ತದೆ. ಪಾರ್ಲಿಮೆಂಟಿಗೆ ಸಲಹೆ ಕೊಡುವ ಮೂಲನಿವಾಸಿಗಳ ‘ವಾಯ್ಸ್’ ಮಂಡಳಿಗಾಗಿ ತಂದು 2023ರಲ್ಲಿ ಸೋತ ಪ್ರಸ್ತಾವವೂ ಸೇರಿ 45 ಪ್ರಸ್ತಾವಗಳಲ್ಲಿ ಗೆದ್ದದ್ದು ಎಂಟು. ಆ ಸಲ ಅದೇನೆಂದು ಓದದೆ, ವಾಟ್ಸ್ಆ್ಯಪ್ ನೋಡಿ ಮತ ಹಾಕಿ ಬಂದವರು ನಮ್ಮಲ್ಲೂ ಇದ್ದರು. ಸಂವಿಧಾನ ಇರುವುದು 128 ವಿಧಿಗಳ ಒಂದು ತೆಳು ಪುಸ್ತಕ. ಪೌರತ್ವ ಪಡೆದವರು ಮುಂದಿನ ಜನಮತಗಣನೆ ಬರುವ ಮುನ್ನ ಅದನ್ನು ಒಮ್ಮೆ ಓದಿ, ಮನೆಯ ಮಕ್ಕಳಿಗೂ ಓದಿಸಿ.